ಜೀವಿತಾಳ ಒಂಬತ್ತು ವರ್ಷ

ನನ್ನ ತಂಗಿಯ ಮಗಳು ಜೀವಿತಾ ಎಂಜಿನಿಯರ್ ಅಲ್ಲವಂತೆ. ಹಾಗೆಂದು ಆಸ್ಟ್ರೇಲಿಯಾದಿಂದ ಕಾಗದ ಬಂತು. ಕಾಗದ ಎಂದರೆ ಈಗಿನ ಕಾಲದ ಕಾಗದ, ಮೊಬೈಲಿಗೆ ಬಂದು ಬೀಳುವಂಥದ್ದು. ನಾಲ್ಕು ಪುಟ. ಮೊದಲ ಪುಟದಲ್ಲಿ ನಮಸ್ಕಾರ, ಕೊನೆಯ ಪುಟದಲ್ಲಿ ಶುಭ ಹಾರೈಕೆ, ನಡುವಿನ ಎರಡು ಪುಟಗಳಲ್ಲಿ ಅವಳ ಒಂಬತ್ತು ವರ್ಷದ ದುಡಿಮೆಯನ್ನು ಗುಡಿಸಿ ಮೂಲೆಗೆ ಹಾಕಿದ್ದರು. ಓದಿ ಮೈಯೆಲ್ಲ ಉರಿದುಹೋಯಿತು. ನಾನು ಸುವರ್ಣಮ್ಮ, ತಿಪಟೂರಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿದವಳು. ತಪ್ಪು ಕಂಡರೆ ಕೆಂಪು ಇಂಕಿನಲ್ಲಿ ಗೀಟು ಎಳೆಯದೆ ಬಿಟ್ಟವಳಲ್ಲ. ರಿಟೈರಾಗಿ ಆರು ವರ್ಷವಾದರೂ ಆ ಚಾಳಿ ಹೋಗಿಲ್ಲ. ಆ ಕಾಗದಕ್ಕೂ ಗೀಟು ಎಳೆಯುತ್ತೇನೆಂದು ಸೊಂಟ ಕಟ್ಟಿ ನಿಂತೆ. ತಪ್ಪು ಎಲ್ಲೆಲ್ಲಿ ಸಿಕ್ಕಿತು ಎಂಬುದನ್ನು ಹೇಳಬೇಕಾದರೆ ಮೊದಲು ಆ ಹುಡುಗಿಯ ಕತೆ ಹೇಳಬೇಕು.

ಜೀವಿತಾ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಅಪ್ಪ ಪರಮೇಶ್‌ಗೆ ಮೂರು ಎಕರೆ ತೆಂಗು, ಎರಡು ಹಸು, ಮಾತು ಕಡಿಮೆ. ನಮ್ಮ ಕಡೆ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟುಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಕೊಬ್ಬರಿಯನ್ನು ಒಂದು ಗೀರೂ ಇಲ್ಲದೆ ಉಂಡೆಯಾಗಿಯೇ ತೆಗೆಯಬೇಕು. ಗೀರು ಬಿದ್ದರೆ ಕೊಬ್ಬರಿ ಮಂಡಿಯವರು ಮೂಗು ಮುರಿಯುತ್ತಾರೆ. ಪರಮೇಶ್ ಮನೆಗೆ ಚಿಪ್ಪು ಒಡೆಯಲು ಭೈರಮ್ಮ ಎಂಬಾಕೆ ಬರುತ್ತಿದ್ದಳು. ಕಾಯನ್ನು ಅಂಗೈಯಲ್ಲಿ ತಿರುಗಿಸುತ್ತ ಮಚ್ಚಿನ ಬೆನ್ನಿನಿಂದ ನಡುವಿನ ಸುತ್ತ ಮೂರು ಪೆಟ್ಟು ಹಾಕುತ್ತಿದ್ದಳು, ಚಿಪ್ಪು ಎರಡು ಹೋಳಾಗಿ ಕೆಳಗೆ ಬೀಳುತ್ತಿತ್ತು. ಬೇರೆ ಮಕ್ಕಳು ಕೊಬ್ಬರಿ ಚೂರಿಗೆ ಕಾದು ಕೂತರೆ ಜೀವಿತಾ ಪೆಟ್ಟು ಎಣಿಸುತ್ತ ಕೂರುತ್ತಿದ್ದಳು. ಮೂರನೆಯ ಪೆಟ್ಟು ಯಾವಾಗಲೂ ಮೆಲ್ಲಗೆ ಬೀಳುತ್ತದಲ್ಲ, ಯಾಕೆ ಎಂದು ನನ್ನನ್ನು ಕೇಳಿದಾಗ ಅವಳಿಗೆ ಹತ್ತು ವರ್ಷ. ಗಣಿತದ ಮೇಡಂ ಆಗಿದ್ದೂ ನನಗೆ ಉತ್ತರ ಗೊತ್ತಿರಲಿಲ್ಲ. ಭೈರಮ್ಮನನ್ನು ಕೇಳಿದರೆ ಅವಳು ನಕ್ಕು ಇನ್ನೊಂದು ಕಾಯಿ ಎತ್ತಿಕೊಂಡಳು.

ಪಿಯುಸಿಗೆ ತಿಪಟೂರಿಗೆ ಬಂದವಳು ನನ್ನ ಮನೆಯಲ್ಲೇ ಉಳಿದಳು. ನನಗೆ ಮಕ್ಕಳಿಲ್ಲ, ಯಜಮಾನರು ಆಗಲೇ ತೀರಿಕೊಂಡಿದ್ದರು. ಇಲ್ಲೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದಳು, ತರಗತಿಯಲ್ಲಿ ಇವಳೂ ಸೇರಿ ನಾಲ್ಕೇ ಹುಡುಗಿಯರು. ಹೆಣ್ಣುಮಗುವಿಗೆ ಈ ಕಬ್ಬಿಣದ ಸಹವಾಸ ಯಾಕೆ ಎಂದ ನೆರೆಯವರ ಬಾಯಿ ಮುಚ್ಚಿಸಿದ್ದು ನಾನೇ. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಕಿಬ್ಬನಹಳ್ಳಿಯಲ್ಲಿ ಶಂಭುಲಿಂಗಯ್ಯನವರ ವರ್ಕ್‌ಶಾಪಿಗೆ ಕೆಲಸಕ್ಕೆ ಸೇರಿದಳು. ಅದುವರೆಗೆ ಅಲ್ಲಿ ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೈಲರ್ ಮಾಡುತ್ತಿದ್ದರು. ಶಂಭುಲಿಂಗಯ್ಯ ಕೆಟ್ಟ ಮನುಷ್ಯರಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಹಣೆತುಂಬ ವಿಭೂತಿ, ಮೆಲುಮಾತು, ವೆಲ್ಡಿಂಗಿನಲ್ಲಿ ಚಿನ್ನದಂಥ ಕೈ. ಹೆಂಗಸರಿಗೆ ಸಾಲ ಸುಲಭವಾಗಿ ಸಿಗುತ್ತದೆಂದು ವರ್ಕ್‌ಶಾಪನ್ನು ಹೆಂಡತಿ ಗುರುಶಾಂತಮ್ಮನ ಹೆಸರಿನಲ್ಲಿ ಮಾಡಿಸಿದ್ದರು. ಲೆಟರ್‌ಹೆಡ್ಡಿನ ಮೇಲೆ ಮಾಲೀಕರು ಗುರುಶಾಂತಮ್ಮ, ಕೆಳಗೆ ಇಬ್ಬರ ಮೊಬೈಲ್ ನಂಬರೂ ಇದ್ದವು. ಆಕೆ ಇದ್ದದ್ದು ಹಿಂದಿನ ಮನೆಯ ಅಡುಗೆಕೋಣೆಯಲ್ಲಿ.

ಅಲ್ಲಿ ಜೀವಿತಾ ಮಾಡಿದ್ದು ಚಿಪ್ಪು ಒಡೆಯುವ ಯಂತ್ರ. ಎರಡು ವರ್ಷ ಹಿಡಿಯಿತು. ಮೊದಲು ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಇದ್ದಷ್ಟೇ ಅಳತೆಗೆ ಬರೆಯುವಳು, ಅದರ ಮೇಲೆ ಮಂಡಿಯೂರಿ ತಿದ್ದುವಳು, ಆಮೇಲೆ ಕಂಪ್ಯೂಟರಿಗೆ ಹತ್ತಿಸುವಳು. ಕಾಯಿಯ ಗಾತ್ರ ಒಂದರ ಹಾಗೆ ಇನ್ನೊಂದಿರುವುದಿಲ್ಲ. ಅದನ್ನು ಹಿಡಿಯಲು ರಬ್ಬರು ಹಚ್ಚಿದ ಹಿಡಿಕೆ, ಹೊಡೆಯಲು ಮೂರು ಸುತ್ತಿಗೆ, ಮೂರನೆಯದಕ್ಕೆ ಅರ್ಧ ಬಲದ ಸ್ಪ್ರಿಂಗು. ಮೊದಲ ಸಲ ನೂರು ಕಾಯಿ ಹಾಕಿದರೆ ಅರವತ್ತೊಂದು ಉಂಡೆ ಒಡೆದವು. ಅವತ್ತು ಮನೆಗೆ ಬಂದು ಊಟ ಮಾಡದೆ ಮಲಗಿದಳು. ವರ್ಷ ಕಳೆಯುವ ಹೊತ್ತಿಗೆ ನೂರಕ್ಕೆ ನಾಲ್ಕು ಒಡೆಯುತ್ತಿದ್ದವು. ಹುಳಿಯಾರು, ಚಿಕ್ಕನಾಯಕನಹಳ್ಳಿ ಎಂದು ಎಲ್ಲ ಕಡೆಗೂ ಯಂತ್ರ ಹೋಯಿತು. ಕೆಟ್ಟು ನಿಂತರೆ ಕೊಂಡವರೆಲ್ಲ ಫೋನ್ ಮಾಡುತ್ತಿದ್ದದ್ದು ಇವಳಿಗೇ.

ಎರಡು ವರ್ಷದ ಹಿಂದೆ ಬೆಂಗಳೂರಿನ ಕೃಷಿಯಂತ್ರಗಳ ಮೇಳದಲ್ಲಿ ಆ ಯಂತ್ರಕ್ಕೆ ಪ್ರಶಸ್ತಿ ಬಂತು. ವೇದಿಕೆ ಹತ್ತಿ ಶಾಲು, ಹಾರ ಹಾಕಿಸಿಕೊಂಡವರು ಶಂಭುಲಿಂಗಯ್ಯ. ಕೆಳಗೆ ನಿಂತು ಯಂತ್ರದ ಸ್ವಿಚ್ಚು ಒತ್ತಿದವಳು ಜೀವಿತಾ. ಸಹಾಯಕರಿಗೂ ಒಂದು ಚಪ್ಪಾಳೆ ಎಂದರು ಮೈಕಿನವರು. ನಾನೂ ಹೋಗಿದ್ದೆ, ನಾನೂ ಚಪ್ಪಾಳೆ ತಟ್ಟಿದೆ. ಮುಂದಿನ ಭಾನುವಾರದಿಂದ ಜೀವಿತಾ ಲ್ಯಾಪ್‌ಟಾಪ್ ಮುಂದೆ ಕೂತು ಆಸ್ಟ್ರೇಲಿಯಾದ ಅರ್ಜಿ ತುಂಬತೊಡಗಿದಳು. ದುಡ್ಡಿಗೇನಮ್ಮ ಎಂದು ಕೇಳಿದೆ.

"ದುಡ್ಡಿಗಲ್ಲ ದೊಡ್ಡಮ್ಮ. ನಾನು ಮಾಡಿದ ಕೆಲಸ ನಂದು ಅಂತ ಬರೆದಿರೋ ಒಂದು ಕಾಗದ ಬೇಕು. ಅಷ್ಟೇ."

ಅಲ್ಲಿಗೆ ಎಂಜಿನಿಯರಾಗಿ ಹೋಗಬೇಕಾದರೆ ಮೊದಲು ಅಲ್ಲಿನ ಎಂಜಿನಿಯರುಗಳ ಸಂಸ್ಥೆಯೊಂದು ಇವರು ನಿಜವಾಗಿ ಎಂಜಿನಿಯರೋ ಅಲ್ಲವೋ, ಎಷ್ಟು ವರ್ಷದ ಕೆಲಸ ಲೆಕ್ಕಕ್ಕೆ ಬರುತ್ತದೆ ಎಂದು ತೂಗಿ ನೋಡುತ್ತದೆ. ಓದಿಗೆ ಇಷ್ಟು ಅಂಕ, ವಯಸ್ಸಿಗೆ ಇಷ್ಟು, ಕೆಲಸದ ವರ್ಷಗಳಿಗೆ ಇಷ್ಟು. ಇವಳ ವಯಸ್ಸಿನ ಅಂಕ ಆಗಲೇ ಇಳಿಮುಖ, ಹಾಗಾಗಿ ಒಂಬತ್ತು ವರ್ಷದ ಕೆಲಸವೇ ಇವಳ ಆಸ್ತಿ. ಆ ಕೆಲಸದ ಬಗ್ಗೆ ಇಂಗ್ಲಿಷಿನಲ್ಲಿ ಮೂರು ಉದ್ದುದ್ದ ಬರಹ ಬರೆದಳು. ಅನುಭವ ಪತ್ರವನ್ನು ತಾನೇ ಟೈಪ್ ಮಾಡಿ ಶಂಭುಲಿಂಗಯ್ಯನವರ ಮುಂದಿಟ್ಟಳು. ಅವರು ಓದಲೂ ಇಲ್ಲ, ಇಂಗ್ಲಿಷು ಅವರಿಗೆ ಬಾರದು. ವೀಸಾಕ್ಕೇನವ್ವ, ಒಳ್ಳೇದಾಗಲಿ ಎಂದು ಸೈನ್ ಹಾಕಿ ಸೀಲು ಒತ್ತಿದರು.

ಇನ್ನು ನನ್ನ ಘನಂದಾರಿ ಕೆಲಸ ಕೇಳಿ. ಹುಡುಗಿಗೆ ಮೂವತ್ತಮೂರು ತುಂಬಿತ್ತು. ಅರ್ಜಿ ಗಿರ್ಜಿ ಇರಲಿ, ಒಂದು ಕಡೆಯಿಂದ ಗಂಡನ್ನೂ ನೋಡೋಣ ಎಂದು ಅವಳಿಗೆ ಹೇಳದೆ ಬಯೋಡೇಟಾ ಬರೆದು ವಧೂವರರ ಕೇಂದ್ರಕ್ಕೆ ಕೊಟ್ಟೆ. ನಮ್ಮಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಯವರ ಮಾತು ನಂಬುವುದಿಲ್ಲ, ಮೂರನೆಯವರ ಹತ್ತಿರ ವಿಚಾರಿಸುತ್ತಾರೆ. ಆದ್ದರಿಂದ ವಿಚಾರಿಸಲು ಎಂದು ಗುರುಶಾಂತಮ್ಮನ ನಂಬರು ಬರೆದೆ. ಬರೆದು ಸುಮ್ಮನಿದ್ದೆನೇ? ಕಿಬ್ಬನಹಳ್ಳಿಗೆ ಹೋಗಿ ಆಕೆಗೆ ಪಾಠವನ್ನೂ ಹೇಳಿಕೊಟ್ಟೆ. ಯಾರಾದರೂ ಹುಡುಗಿ ಬಗ್ಗೆ ಕೇಳಿದರೆ ಎಂಜಿನಿಯರು, ಯಂತ್ರ ಗಿಂತ್ರ ಎಂದು ಜಾಸ್ತಿ ಹೇಳಬೇಡ, ಗಂಡಿನವರು ಹೆದರಿಕೊಳ್ಳುತ್ತಾರೆ, ಹೊತ್ತು ಹೋಗಲಿ ಎಂದು ಬರುತ್ತಾಳೆ ಅನ್ನು, ಸಾಕು ಎಂದೆ. ಗುರುಶಾಂತಮ್ಮ ಎಲ್ಲಕ್ಕೂ ತಲೆಯಾಡಿಸಿದಳು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಗುರುಶಾಂತಮ್ಮನ ಫೋನು. ದನಿಯಲ್ಲಿ ಸಂಭ್ರಮ. ಬೆಂಗಳೂರಿನಿಂದ ಒಬ್ಬ ಹುಡುಗ ಮಾತಾಡಿದನಂತೆ, ಒಳ್ಳೆಯ ಕನ್ನಡವಂತೆ. ಮೊದಲು ಯಜಮಾನರ ನಂಬರಿಗೆ ಮಾಡಿದನಂತೆ, ಗ್ರೈಂಡರ್ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಆಸ್ಟ್ರೇಲಿಯಾದವರು ಜೀವಿತಾ ಅವರ ಬಗ್ಗೆ ವಿಚಾರಿಸಲು ಹೇಳಿದ್ದಾರೆ, ಎಷ್ಟು ವರ್ಷದಿಂದ ಬಲ್ಲಿರಿ, ಏನು ಕೆಲಸ ಮಾಡುತ್ತಾರೆ, ಸಂಬಳ ಎಷ್ಟು, ಯಾರ ಕೈಕೆಳಗೆ ಎಂದೆಲ್ಲ ಕೇಳಿದನಂತೆ.

"ಫಾರಿನ್ ಸಂಬಂಧ ಕಣಕ್ಕ," ಎಂದಳು. "ನೀನು ಹೇಳ್ಕೊಟ್ಟಂಗೇ ಹೇಳಿವ್ನಿ. ಕೆಲಸ ಅಂತ ಏನಿಲ್ಲ ಕಣಪ್ಪ, ಹೊತ್ತೋಗ್ಲಿ ಅಂತ ಬತ್ತಾಳೆ. ನಮ್ಮನೆಯೋರು ಬರೆದಿದ್ದನ್ನ ಕಂಪ್ಯೂಟರ್‌ಗೆ ಹಾಕ್ತಾಳೆ, ಅಷ್ಟೇಯ. ಮನೆ ಮಗಳಿಗೆ ಸಂಬಳ ಅಂತಾರಾ, ಖರ್ಚಿಗೆ ಕೊಡ್ತೀವಿ. ಮದ್ವೆ ಆದ್ಮೇಲೆ ನೀವು ಬ್ಯಾಡ ಅಂದ್ರೆ ಬುಡ್ತಾಳೆ ಅಂದೆ. ಅವನು ಎಲ್ಲಾನೂ ಬರ್ಕೊಂಡ."

ಬರೆದುಕೊಂಡ ಎಂದಾಗಲಾದರೂ ನನ್ನ ತಲೆಗೆ ಹೊಳೆಯಬೇಕಿತ್ತು. ಗಂಡು ನೋಡುವವರು ಬರೆದುಕೊಳ್ಳುತ್ತಾರೆಯೇ? ಹೊಳೆಯಲಿಲ್ಲ. ಖುಷಿಗೆ ಅವತ್ತು ಒಬ್ಬಟ್ಟು ತಟ್ಟಿದೆ. ಏನು ವಿಶೇಷ ದೊಡ್ಡಮ್ಮ ಎಂದು ಜೀವಿತಾ ಕೇಳಿದರೆ ಸುಮ್ಮನೆ ಕಣೇ ಎಂದು ಇನ್ನೆರಡು ಬಡಿಸಿದೆ.

ಆರು ವಾರಕ್ಕೆ ಆ ನಾಲ್ಕು ಪುಟ ಬಂತು. ಅವಳು ಓದುತ್ತ ಹೋದಳು, ನಾನು ಸಿಟ್ಟಾಗುತ್ತ ಹೋದೆ. ಅರ್ಜಿದಾರರು ಡ್ರಾಯಿಂಗ್ ನಕಲು ಮಾಡುವ ಸಹಾಯಕರು, ಎಂಜಿನಿಯರ್ ಅಲ್ಲ ಎಂದಿತ್ತು. ಎಷ್ಟು ಧೈರ್ಯ ಇವರಿಗೆ, ಒಂದು ಕಾಯಿ ಒಡೆದು ನೋಡಿದ್ದಾರಾ ಎಂದು ಕೂಗಾಡಿದೆ. ಅವಳು ಮೂರನೆಯ ಪುಟಕ್ಕೆ ಬಂದಳು. ಉದ್ಯೋಗದ ಪರಿಶೀಲನೆಗೆ ಮಾಲೀಕರೊಂದಿಗೆ ದೂರವಾಣಿಯಲ್ಲಿ ಮಾತಾಡಲಾಯಿತು. ಅರ್ಜಿದಾರರು ಸಮಯ ಕಳೆಯಲು ಬರುತ್ತಾರೆ, ಮನೆಯ ಮಗಳಂತೆ ಕಂಡು ಖರ್ಚಿಗೆ ಹಣ ಕೊಡಲಾಗುತ್ತದೆ, ವಿನ್ಯಾಸಗಳನ್ನು ಮಾಲೀಕರ ಪತಿ ಮಾಡುತ್ತಾರೆ, ಮದುವೆಯಾದ ಮೇಲೆ ಕೆಲಸ ಬಿಡುತ್ತಾರೆ ಎಂದು ಮಾಲೀಕರು ತಿಳಿಸಿದ್ದಾರೆ.

ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದು ಎಲ್ಲವನ್ನೂ ಹೇಳಿದೆ. ಬಯೋಡೇಟಾ, ನಂಬರು, ಪಾಠ, ಒಬ್ಬಟ್ಟು, ಒಂದನ್ನೂ ಬಿಡಲಿಲ್ಲ. ಅವಳು ಕೂಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕೂಗಲಿಲ್ಲ.

"ಒಂದ್ ಮಾತು ನನ್ನ ಕೇಳ್ಬಾರ್ದಿತ್ತಾ ದೊಡ್ಡಮ್ಮ," ಎಂದಳು.

ಮರುಪರಿಶೀಲನೆಗೆ ಅರ್ಜಿ ಹಾಕಲು ಅವಕಾಶವಿತ್ತು, ಒಂದೇ ಸಲ. ಸಂಬಳದ ಮಾತನ್ನು ಬ್ಯಾಂಕಿನ ಪಾಸ್‌ಬುಕ್ಕೇ ಸುಳ್ಳು ಮಾಡುತ್ತಿತ್ತು, ಅದು ಸಲೀಸು. ಉಳಿದದ್ದು ಒಂದೇ ಪ್ರಶ್ನೆ, ವಿನ್ಯಾಸ ಯಾರದು? ಶಂಭುಲಿಂಗಯ್ಯ ಒಂದು ಪುಟ ಬರೆದುಕೊಟ್ಟರೆ ಮುಗಿಯಿತು. ಫೋನಿನ ಎಡವಟ್ಟಾಗಿದೆ, ವಿನ್ಯಾಸ ಇವಳದ್ದೇ ಎಂದು. ಅದಕ್ಕೇನು ಎಂದುಕೊಂಡು ಇಬ್ಬರೂ ಕಿಬ್ಬನಹಳ್ಳಿಗೆ ಹೋದೆವು.

ಶಂಭುಲಿಂಗಯ್ಯ ಎಲ್ಲ ಕೇಳಿ ಹಣೆ ಚಚ್ಚಿಕೊಂಡರು. ಗುರುಶಾಂತಮ್ಮ ಸೆರಗು ಬಾಯಿಗಿಟ್ಟುಕೊಂಡು ಬಾಗಿಲಲ್ಲೇ ನಿಂತಳು. ಹೆಂಗಸಿಗೇನು ಗೊತ್ತಾಗುತ್ತೆ, ನಾನು ಬರೆದುಕೊಡುತ್ತೇನೆ, ಒಂಬತ್ತು ವರ್ಷ ನಿಯತ್ತಾಗಿ ದುಡಿದಿದ್ದಾಳೆ, ಇವಳಂಥ ಹುಡುಗಿ ಜಿಲ್ಲೆಯಲ್ಲಿಲ್ಲ, ಎಲ್ಲ ಬರೆದುಕೊಡುತ್ತೇನೆ ಎಂದರು. ಜೀವಿತಾ ಬರೆದು ತಂದಿದ್ದ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದಳು. ಯಂತ್ರದ ವಿನ್ಯಾಸ ಮೊದಲಿಂದ ಕೊನೆಯವರೆಗೆ ಜೀವಿತಾ ಅವರದ್ದು ಎಂಬ ಸಾಲಿಗೆ ಬಂದಾಗ ಅವರು ಬಟ್ಟೆ ಚೂರಿನಲ್ಲಿ ಕೈ ಒರೆಸಿಕೊಳ್ಳತೊಡಗಿದರು. ಕೈ ಶುದ್ಧವಾಗಿಯೇ ಇತ್ತು.

"ಡ್ರಾಯಿಂಗ್ ಮೇಲೆಲ್ಲ ನನ್ನೆಸ್ರೈತಲ್ಲವ್ವ," ಎಂದರು.

ಹೌದು, ಇತ್ತು. ಪ್ರತಿ ಹಾಳೆಯ ಬಲಮೂಲೆಯಲ್ಲಿ, ವಿನ್ಯಾಸಕಾರರು ಎಂಬ ಚೌಕದಲ್ಲಿ, ಒಂಬತ್ತು ವರ್ಷವೂ ಶಂಭುಲಿಂಗಯ್ಯ ಎಂದೇ ಇತ್ತು. ನಮ್ಮ ಕಡೆ ಅಂಗಡಿಯಲ್ಲಿ ಆಗಿದ್ದೆಲ್ಲ ಯಜಮಾನರ ಹೆಸರಿನಲ್ಲಿ ಆಗುತ್ತದೆ, ಅದರಲ್ಲಿ ಕದ್ದದ್ದು ಎಂದು ಯಾರಿಗೂ ಅನ್ನಿಸುವುದಿಲ್ಲ. ಅವರಿಗೂ ಅನ್ನಿಸಿರಲಿಲ್ಲ. ಅವತ್ತು ಅನ್ನಿಸಿತು.

"ನೀವು ಹಾಕು ಅಂದಿದ್ದಕ್ಕೆ ಹಾಕಿದ್ದು ಯಜಮಾನ್ರೇ," ಎಂದಳು ಜೀವಿತಾ.

"ಇಲ್ಲ ಅಂದ್ನಾ? ಆದ್ರೆ ಪ್ರಶಸ್ತಿ ನನ್ನೆಸ್ರಿಗೆ ಬಂದೈತೆ. ಪೇಟೆಂಟಿಗೆ ಅರ್ಜಿ ಹಾಕಿವ್ನಿ. ಈಗ ನಾನು ಹಿಂಗೆ ಬರ್ಕೊಟ್ರೆ ನಾಳೆ ನಾಲ್ಕು ಜನ ನನ್ನ ಕಳ್ಳ ಅನ್ನಲ್ವಾ? ಬೇರೆ ಏನ್ ಬೇಕಾದ್ರೂ ಬರ್ಸ್ಕೊ. ಅದೊಂದು ಸಾಲು ಬುಟ್ಬುಡು."

ಆಸ್ಟ್ರೇಲಿಯಾದವರಿಗೆ ಬೇಕಾಗಿರುವುದು ಅದೊಂದೇ ಸಾಲು ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಬಾಗಿಲಲ್ಲಿದ್ದ ಗುರುಶಾಂತಮ್ಮ ಮಾತಾಡಿದಳು. ಗಂಡನ ಎದುರು, ಹೊರಗಿನವರಿರುವಾಗ, ಆಕೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಹಂಗಾದ್ರೆ ನಾನು ಫೋನಲ್ಲಿ ಹೇಳಿದ್ದು ಸುಳ್ಳಾ? ಹೊತ್ತೋಗ್ಲಿ ಅಂತ ಬತ್ತಾಳೆ ಅಂದಿದ್ದು ಸುವರ್ಣಕ್ಕ ಹೇಳ್ಕೊಟ್ಟಿದ್ದು. ಡ್ರಾಯಿಂಗ್ ನಮ್ಮನೆಯೋರ್ದು ಅಂದಿದ್ದು ಯಾರೂ ಹೇಳ್ಕೊಟ್ಟಿದ್ದಲ್ಲ. ನಾನು ನಿಜ ಅಂದ್ಕೊಂಡೇ ಹೇಳಿದ್ದು. ನೀವೇ ತಾನೇ ನಂಗೆ ಹೇಳಿದ್ದು?"

"ನೀನು ಒಳೀಕ್ ಹೋಗು," ಎಂದರು ಶಂಭುಲಿಂಗಯ್ಯ.

ಆಕೆ ಒಳಗೆ ಹೋದಳು. ನಾವು ಕಾಫಿ ಕುಡಿಯದೆ ಎದ್ದು ಬಂದೆವು.

ಆಮೇಲೆ ಎಲ್ಲೆಲ್ಲಿ ತಡಕಾಡಿದರೂ ಅಷ್ಟೇ. ಕಂಪ್ಯೂಟರಿನ ಫೈಲುಗಳಿದ್ದವು, ಆದರೆ ವರ್ಕ್‌ಶಾಪಿನ ಕಂಪ್ಯೂಟರಿಗೆ ಕೊಟ್ಟಿದ್ದದ್ದು ಯಜಮಾನರ ಹೆಸರು, ಪ್ರತಿ ಫೈಲಿನ ಒಳಗೂ ಅದೇ ಹೆಸರು ಕೂತಿತ್ತು. ನೆಲದ ಮೇಲಿನ ಸೀಮೆಸುಣ್ಣವನ್ನು ಅಂದಂದೇ ಗುಡಿಸಿದ್ದರು. ವೆಲ್ಡಿಂಗಿನ ತಿಮ್ಮರಾಜು ಎಲ್ಲವನ್ನೂ ಕಣ್ಣಾರೆ ಕಂಡವನು. ಬರೆದುಕೊಡುತ್ತೇನಕ್ಕ ಎಂದ, ಮಾರನೆಯ ದಿನದಿಂದ ಫೋನು ಎತ್ತಲಿಲ್ಲ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಕೆಲಸ ಹೋದರೆ ಏನು ಮಾಡುತ್ತಾನೆ, ಬೈಯಬಾರದು. ಆದರೂ ಬೈದೆ.

ಸೋಮವಾರ ಬೆಳಿಗ್ಗೆ ಗುರುಶಾಂತಮ್ಮ ಒಬ್ಬಳೇ ಬಸ್ಸು ಹತ್ತಿ ತಿಪಟೂರಿಗೆ ಬಂದಳು. ಸೀರೆ ಅಂಗಡಿಯ ಕವರಿನಲ್ಲಿ ಲೆಟರ್‌ಹೆಡ್ಡು, ಸೀಲು, ಇಂಕ್‌ಪ್ಯಾಡು. ಚಪ್ಪಲಿ ಬಿಡುವ ಮೊದಲೇ ಕೇಳಿದಳು, ಕಂಪನಿ ನನ್ನ ಹೆಸರಿನಲ್ಲಿದೆ ಅಂತಾರಲ್ಲ, ನಾನು ಬರೆದುಕೊಟ್ಟರೆ ನಡೆಯುತ್ತಾ ಎಂದು. ನಡೆಯಬಹುದು ಎಂದೆ. ಏಳನೇ ಕ್ಲಾಸು ಓದಿದ ಹೆಂಗಸು, ಊಟದ ಮೇಜಿನ ಮುಂದೆ ಕೂತು ಎರಡು ಗಂಟೆ ಬರೆದಳು. ಫೋನು ಬಂದಾಗ ಮದುವೆ ವಿಚಾರ ಎಂದುಕೊಂಡೆ, ಹುಡುಗಿಗೆ ಒಳ್ಳೆಯದಾಗಲಿ ಎಂದು ಹಾಗೆ ಹೇಳಿದೆ, ವಿನ್ಯಾಸ ಅವಳದ್ದೆಂದು ನನಗೆ ಗೊತ್ತಿರಲಿಲ್ಲ, ಈಗ ನನ್ನ ಗಂಡನ ಬಾಯಿಂದಲೇ ಗೊತ್ತಾಗಿದೆ, ತಪ್ಪು ನನ್ನದು ಎಂದು ಬರೆದಿದ್ದಳು. ಓದಿ ನನ್ನ ಕಣ್ಣು ತುಂಬಿತು. ಇನ್ನೊಂದೇ ಸಾಲು ಸೇರಿಸು, ಜೀವಿತಾ ಡ್ರಾಯಿಂಗ್ ಮಾಡುವುದನ್ನು ಕಣ್ಣಾರೆ ಕಂಡಿದ್ದೇನೆ ಅಂತ, ಎಂದೆ.

"ಕಂಡಿಲ್ವಲ್ಲ ಅಕ್ಕ," ಎಂದಳು. "ವರ್ಕ್‌ಶಾಪಿನೊಳೀಕೆ ನಾನು ಹೋಗೋದು ಆಯುಧಪೂಜೆಗೆ ಒಂದ್ಸಲ. ಒಂದು ಸುಳ್ಳು ಹೇಳಿ ಹುಡುಗಿ ಬಾಳು ಕೆಡಿಸಿವ್ನಿ. ಇನ್ನೊಂದು ಬ್ಯಾಡ."

ಇಂಗ್ಲಿಷಿಗೆ ಮಾಡುವಾಗ ಆ ಸಾಲನ್ನು ನಾನೇ ತುರುಕಿಬಿಡೋಣ ಎಂದು ಕೈ ತುರಿಸಿತು. ಜೀವಿತಾ ಪಕ್ಕದಲ್ಲೇ ಕೂತಿದ್ದಳು, ಬಿಡಲಿಲ್ಲ. ಗುರುಶಾಂತಮ್ಮ ಸೀಲು ಒತ್ತಿದಳು. ಹದಿನಾಲ್ಕು ವರ್ಷದಿಂದ ಮಾಲೀಕಳಾಗಿದ್ದವಳು ಅದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲಂತೆ, ತಲೆಕೆಳಗಾಗಿ ಒತ್ತಿದಳು. ಒಬ್ಬಳ ಹೆಸರಿದೆ, ಕೆಲಸವಿಲ್ಲ. ಇನ್ನೊಬ್ಬಳ ಕೆಲಸವಿದೆ, ಹೆಸರಿಲ್ಲ. ಶಂಭುಲಿಂಗಯ್ಯ ಆ ವಿಷಯ ತಿಳಿದು ಒಂದು ತಿಂಗಳು ಹೆಂಡತಿಯ ಜೊತೆ ಮಾತು ಬಿಟ್ಟರು.

ಮೇಲ್ಮನವಿ ಹೋಯಿತು. ಎರಡು ತಿಂಗಳಾದ ಮೇಲೆ ಅಲ್ಲಿನವರು ಜೀವಿತಾಳನ್ನು ವಿಡಿಯೊದಲ್ಲಿ ಮಾತಾಡಿಸುತ್ತೇವೆ ಎಂದರು. ಬೆಳಿಗ್ಗೆ ಏಳು ಗಂಟೆಗೆ. ಸೀಟಿ ಕೂಗುತ್ತದೆಂದು ನಾನು ಕುಕ್ಕರ್ ಇಡದೆ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತೆ. ಪರದೆಯ ಮೇಲೆ ಮೂವರಿದ್ದರು. ಅವರಲ್ಲೊಬ್ಬ ಮುದುಕ ಯಂತ್ರದ ಬಗ್ಗೆಯೇ ಕೇಳುತ್ತ ಹೋದ. ಮೂರನೆಯ ಸುತ್ತಿಗೆಗೆ ಅರ್ಧ ಬಲ ಯಾಕೆ ಎಂದ. ಜೀವಿತಾ ಕೈಯಲ್ಲೊಂದು ಕಾಯಿ ಹಿಡಿದು, ಎರಡು ಪೆಟ್ಟಿಗೆ ಚಿಪ್ಪಿನ ಸುತ್ತ ಬಿರುಕು ಹೇಗೆ ಓಡುತ್ತದೆ, ಆಮೇಲೆ ಅಷ್ಟೇ ಬಲ ಹಾಕಿದರೆ ಅದು ಒಳಗಿನ ಕೊಬ್ಬರಿಗೆ ಹೇಗೆ ಇಳಿಯುತ್ತದೆ ಎಂದು ಅರ್ಧ ಗಂಟೆ ಹೇಳಿದಳು. ನನಗೆ ಹಿಂದೆ ಉತ್ತರ ಗೊತ್ತಿರದಿದ್ದ ಪ್ರಶ್ನೆ. ಆ ಮುದುಕ ಕುರ್ಚಿಯಲ್ಲಿ ಮುಂದೆ ಸರಿದು ಕೂತು ಕೇಳಿದ, ಬಹಳ ಅಚ್ಚುಕಟ್ಟಾದ ಕೆಲಸ ಎಂದ. ಗೆದ್ದಳು ಎಂದುಕೊಂಡೆ. ಆಗ ಪಕ್ಕದ ಹೆಂಗಸು ಕೇಳಿದಳು, ಇಷ್ಟೆಲ್ಲ ನೀವೇ ಮಾಡಿದ್ದರೆ ಡ್ರಾಯಿಂಗಿನ ಮೇಲೆ ಒಂಬತ್ತು ವರ್ಷ ಇನ್ನೊಬ್ಬರ ಹೆಸರು ಹಾಕಿದ್ದು ಯಾಕೆ ಎಂದು.

ಜೀವಿತಾ ಕೈಯಲ್ಲಿದ್ದ ಕಾಯಿಯನ್ನು ಮೇಜಿನ ಮೇಲಿಟ್ಟಳು. ಹಾಗೆ ಹಾಕು ಎಂದರು, ಹಾಕಿದೆ ಎಂದಳು. ಆ ಹೆಂಗಸು ಬರೆದುಕೊಂಡಳು.

ಮೂರು ವಾರಕ್ಕೆ ಉತ್ತರ ಬಂತು. ಓದಿನ ಮಟ್ಟಿಗೆ ಅರ್ಜಿದಾರರು ಎಂಜಿನಿಯರ್ ಎಂದು ಒಪ್ಪುತ್ತೇವೆ. ವಿಷಯವನ್ನು ಚೆನ್ನಾಗಿ ಬಲ್ಲರು. ಮಾಲೀಕರ ಎರಡನೆಯ ಪತ್ರ ಪ್ರಾಮಾಣಿಕವಾಗಿದೆ, ಆದರೆ ಕೆಲಸವನ್ನು ತಾವು ಕಂಡಿಲ್ಲ ಎಂದು ಅವರೇ ಹೇಳುತ್ತಾರೆ. ಎಂಜಿನಿಯರ್ ಎಂದರೆ ತಾನು ಮಾಡಿದ್ದಕ್ಕೆ ತನ್ನ ಹೆಸರಿನಲ್ಲಿ ಹೊಣೆ ಹೊರುವವರು. ಅರ್ಜಿದಾರರು ಹೇಳಿದಂತೆ ಮಾಡಿದೆ ಎಂದಿದ್ದಾರೆ. ಆದ್ದರಿಂದ ಒಂಬತ್ತು ವರ್ಷಗಳಲ್ಲಿ ಎಂಜಿನಿಯರಿನ ಕೆಲಸವೆಂದು ಪರಿಗಣಿಸಬಹುದಾದ ಅವಧಿ ಸೊನ್ನೆ. ಇದು ಅಂತಿಮ.

ಎಂಜಿನಿಯರ್ ಹೌದು, ಆದರೆ ಒಂಬತ್ತು ವರ್ಷ ಏನೂ ಮಾಡಿಲ್ಲ. ಇದು ಅವಳು ಕೇಳಿದ ಕಾಗದ. ಅಂಕ ಸಾಲದು, ಹೋಗುವ ದಾರಿ ಅಲ್ಲಿಗೆ ಮುಚ್ಚಿತು. ನಾನು ಬಾಯಿಗೆ ಬಂದಂತೆ ಬೈದೆ. ಆ ಹೆಂಗಸನ್ನು ಬೈದೆ, ಅವರ ದೇಶವನ್ನು ಬೈದೆ, ಶಂಭುಲಿಂಗಯ್ಯನವರ ವಿಭೂತಿಯನ್ನೂ ಬಿಡಲಿಲ್ಲ. ವಕೀಲರನ್ನು ನೋಡೋಣ, ಪೇಪರಿನವರಿಗೆ ಬರೆಯೋಣ, ನಿನ್ನ ಹೆಸರು ತಿಂದವರನ್ನು ಸುಮ್ಮನೆ ಬಿಡಬಾರದು ಎಂದೆ. ಜೀವಿತಾ ಕಾಫಿ ಕುಡಿಯುತ್ತ ಎಲ್ಲ ಕೇಳಿಸಿಕೊಂಡಳು.

"ಬಿಡು ದೊಡ್ಡಮ್ಮ. ಅವ್ರು ಬರೆದಿರೋದು ಸರಿಯಾಗೇ ಇದೆ," ಎಂದಳು. ಲೋಟ ಕೆಳಗಿಟ್ಟು, "ಮೊದಲ್ನೇ ಡ್ರಾಯಿಂಗ್ ಮಾಡಿದ ದಿನ ನೆನಪಿದ್ಯಾ ನಿಂಗೆ?" ಎಂದಳು.

ನೆನಪಿರಲಿಲ್ಲ. ಅವಳು ಹೇಳತೊಡಗಿದ ಮೇಲೆ ನೆನಪಾಯಿತು. ಕೆಲಸಕ್ಕೆ ಸೇರಿ ಎರಡನೆಯ ತಿಂಗಳು. ಸಂಜೆ ಬಂದವಳೇ ಸುರುಳಿ ಸುತ್ತಿದ ಹಾಳೆ ಹಿಡಿದುಕೊಂಡು ನನ್ನ ಮುಂದೆ ನಿಂತಿದ್ದಳು. ಯಜಮಾನರು ಚೌಕದಲ್ಲಿ ಅವರ ಹೆಸರು ಹಾಕು ಎಂದಿದ್ದಾರೆ, ಇದನ್ನು ಮಾಡಿದ್ದು ನಾನು, ಏನು ಮಾಡಲಿ ಎಂದು ಕೇಳಿದ್ದಳು. ನಾನು ಅರ್ಧವಾರ್ಷಿಕ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ತಲೆ ಎತ್ತಿಯೂ ನೋಡಲಿಲ್ಲ. ಹಾಕಿಬಿಡು ಕಣೇ, ಕೆಲಸ ಕೊಟ್ಟಿರೋ ದೊಡ್ಡೋರು, ಎದುರಾಡಬೇಡ ಎಂದೆ. ಮೇಲೆ ಹೆಸರು ಬರೆಯದ ಉತ್ತರಪತ್ರಿಕೆಗೆ, ಒಳಗಿನ ಲೆಕ್ಕವೆಲ್ಲ ಸರಿಯಿದ್ದರೂ, ಸೊನ್ನೆ ಹಾಕುತ್ತಿದ್ದವಳು ನಾನು. ಅವತ್ತೂ ಯಾವುದೋ ಮಗುವಿಗೆ ಹಾಗೆಯೇ ಹಾಕುತ್ತ ಕೂತಿದ್ದೆನೋ ಏನೋ.

"ನಾನು ಕೇಳಿದ್ದು ನಿನ್ನೊಬ್ಬಳನ್ನೇ," ಎಂದಳು ಜೀವಿತಾ. ದನಿಯಲ್ಲಿ ಸಿಟ್ಟಿರಲಿಲ್ಲ.

ಲೋಟ ತೊಳೆದಿಟ್ಟು, ಎಂಟೂಕಾಲಿನ ಬಸ್ಸಿಗೆ ಹೊರಟಳು. ಹುಳಿಯಾರಿನಲ್ಲಿ ಒಂದು ಯಂತ್ರ ಕೆಟ್ಟು ನಿಂತಿತ್ತಂತೆ, ಶಂಭುಲಿಂಗಯ್ಯ ಬೆಳಿಗ್ಗೆಯೇ ಫೋನ್ ಮಾಡಿದ್ದರು.